ಕಣ್ಣಿಗೆ ಕಾಣದ ಕಸ

ಬಂಗುಡೆ, ಬೂತಾಯಿ – ಈ ಮೀನುಗಳ ಹೆಸರು ನಿಮಗೆ ಗೊತ್ತು ತಾನೆ? ಇವು ದಡಕ್ಕೆ ಹತ್ತಿರದ ಕಡಲಿನಲ್ಲಿ ಗುಂಪು ಗುಂಪಾಗಿ ಬದುಕುತ್ತವೆ. ನಮ್ಮ ಕಾಸರಗೋಡಿನ ಚಂದ್ರಗಿರಿ, ಮೊಗ್ರಾಲ್, ಶಿರಿಯ ಹೊಳೆಗಳು ಸೇರುವುದೂ ಇದೇ ಕಡಲಿಗೆ. ಹೊಳೆಗಳು ನೀರನ್ನು ಮಾತ್ರ ತರುತ್ತವೆಯೆ? ಇಲ್ಲ, ನಾವು ಎಸೆದ ಕಸವನ್ನೂ ಹೊತ್ತು ತರುತ್ತವೆ. ಅದರಲ್ಲಿ ಕಣ್ಣಿಗೆ ಕಾಣದ ಎರಡು ಬಗೆಯ ಕಸದ ಬಗ್ಗೆ ತಿಳಿಯೋಣ.

ಮೊದಲನೆಯದು ಪ್ಲಾಸ್ಟಿಕ್ ಕಣ. ಬಾಳೆಲೆ ಮಣ್ಣಿನಲ್ಲಿ ಕೊಳೆತು ಗೊಬ್ಬರವಾಗುತ್ತದೆ. ಪ್ಲಾಸ್ಟಿಕ್ ಚೀಲ ಹಾಗೆ ಕೊಳೆಯುವುದಿಲ್ಲ. ಬಿಸಿಲಿಗೆ ಪೆಡಸಾಗಿ, ತೆರೆಗಳ ಹೊಡೆತಕ್ಕೆ ಚೂರು ಚೂರಾಗುತ್ತದೆ. 5 ಮಿಲಿಮೀಟರಿಗಿಂತ ಚಿಕ್ಕ ಚೂರುಗಳಿಗೆ ಮೈಕ್ರೋಪ್ಲಾಸ್ಟಿಕ್ ಎಂದು ಹೆಸರು. 2025ರ ಮೇ 25ರಂದು ಎಂ.ಎಸ್.ಸಿ. ಎಲ್ಸಾ 3 ಎಂಬ ಹಡಗು ಕೇರಳದ ಕಡಲಿನಲ್ಲಿ ಮುಳುಗಿತು. ಅದರಲ್ಲಿದ್ದ ಪ್ಲಾಸ್ಟಿಕ್ ಹರಳುಗಳು ತಿರುವನಂತಪುರದ ತೀರದಲ್ಲಿ ಹರಡಿದವು. ಅವು ಬೇಳೆಯಷ್ಟಿದ್ದುದರಿಂದ ಕಣ್ಣಿಗೆ ಕಂಡವು. ಆದರೆ ಎಷ್ಟೋ ಕಣಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು.

ಎರಡನೆಯದು ಮದ್ದಿನ ಅಂಶ. ಬ್ಯಾಕ್ಟೀರಿಯಗಳಿಂದ ರೋಗ ಬಂದಾಗ ವೈದ್ಯರು ಆ್ಯಂಟಿಬಯೋಟಿಕ್ ಕೊಡುತ್ತಾರೆ. ಅದು ಜೀವ ಉಳಿಸುವ ಮದ್ದು. ಆದರೆ ನುಂಗಿದ ಮದ್ದಿನ ಒಂದು ಪಾಲು ಮಲಮೂತ್ರದೊಂದಿಗೆ ಹೊರಬರುತ್ತದೆ. ಕೋಳಿ, ಸಿಗಡಿ ಸಾಕುವಲ್ಲಿ ಬಳಸಿದ ಮದ್ದು, ಚರಂಡಿಗೆ ಎಸೆದ ಮಾತ್ರೆ – ಇವೂ ಕೊನೆಗೆ ಕಡಲು ಸೇರಬಹುದು.

ಇವೆರಡೂ ಕಡಲಿನಲ್ಲಿ ಜೊತೆಯಾದರೆ ಏನಾಗುತ್ತದೆ? ಪ್ಲಾಸ್ಟಿಕ್ ಕಣ ಒಂದು ಪುಟ್ಟ ದೋಣಿಯಂತಾಗುತ್ತದೆ. ಮದ್ದಿನ ಅಂಶ ಅದಕ್ಕೆ ಅಂಟಿಕೊಳ್ಳುತ್ತದೆ. ಬ್ಯಾಕ್ಟೀರಿಯಗಳೂ ಅದರ ಮೇಲೆ ಲೋಳೆಯ ಪದರ ಕಟ್ಟಿ ನೆಲಸುತ್ತವೆ. ಮದ್ದಿಗೆ ಬಗ್ಗುವ ಬ್ಯಾಕ್ಟೀರಿಯಗಳು ಕಡಿಮೆಯಾಗಿ, ಬಗ್ಗದವು ಉಳಿದು ಹೆಚ್ಚಬಹುದು.

ಬಂಗುಡೆ, ಬೂತಾಯಿಗಳು ಬಾಯಿ ತೆರೆದು ಈಜುತ್ತಾ ನೀರಿನಲ್ಲಿರುವ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತವೆ. ಆಹಾರ ಯಾವುದು, ಪ್ಲಾಸ್ಟಿಕ್ ಯಾವುದು ಎಂದು ಅವಕ್ಕೆ ಹೇಗೆ ತಿಳಿಯಬೇಕು? ದೋಣಿ ಮೀನಿನ ಹೊಟ್ಟೆ ಸೇರುತ್ತದೆ. ವಿಜ್ಞಾನಿಗಳು ತೊಟ್ಟಿಗಳಲ್ಲಿ ಬೇರೆ ಬೇರೆ ಮೀನುಗಳನ್ನು ಸಾಕಿ ಪರೀಕ್ಷಿಸಿದ್ದಾರೆ. ಕಣಗಳು ಮೀನಿನ ಕರುಳಿಗೆ ಗಾಯ ಮಾಡಬಲ್ಲವು. ಮದ್ದು ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಗಳನ್ನು ಕೊಲ್ಲಬಲ್ಲದು. ಎರಡೂ ಸೇರಿದಾಗ ಕೆಲವು ಪರೀಕ್ಷೆಗಳಲ್ಲಿ ತೊಂದರೆ ಇನ್ನೂ ಹೆಚ್ಚಿತು.

ಹಾಗಾದರೆ ಮೀನು ತಿನ್ನಬಾರದೆ? ಹಾಗಲ್ಲ. ಕರುಳು ತೆಗೆದು, ತೊಳೆದು, ಚೆನ್ನಾಗಿ ಬೇಯಿಸಿದ ಮೀನು ಒಳ್ಳೆಯ ಆಹಾರವೇ. ಆದರೆ ಮದ್ದಿಗೆ ಬಗ್ಗದ ರೋಗಾಣುಗಳು ಎಲ್ಲೇ ಹೆಚ್ಚಿದರೂ ನಮಗೆ ಅಪಾಯ. ನಾಳೆ ನಮಗೆ ರೋಗ ಬಂದಾಗ ಅದೇ ಮದ್ದು ನಾಟದೆ ಹೋಗಬಹುದು.

ಕಡಲಿಗೆ ಸೇರಿದ ಕಣವನ್ನು ಹೆಕ್ಕಿ ತೆಗೆಯುವುದು ಬಹಳ ಕಷ್ಟ. ಮನೆಯಲ್ಲೇ ತಡೆಯುವುದು ಸುಲಭ. ಪ್ಲಾಸ್ಟಿಕನ್ನು ತೊಳೆದು ಒಣಗಿಸಿ ಹರಿತ ಕರ್ಮಸೇನೆಯವರಿಗೆ ಕೊಡೋಣ. ವೈದ್ಯರು ಹೇಳದೆ ಆ್ಯಂಟಿಬಯೋಟಿಕ್ ನುಂಗುವುದು ಬೇಡ. ಉಳಿದ ಮಾತ್ರೆಗಳನ್ನು ಚರಂಡಿಗೆ ಎಸೆಯುವುದೂ ಬೇಡ. ಅಂಥ ಮಾತ್ರೆಗಳನ್ನು ಸಂಗ್ರಹಿಸಿ ನಾಶಪಡಿಸುವ ಯೋಜನೆಯೊಂದು 2025ರಲ್ಲಿ ಕಲ್ಲಿಕೋಟೆಯಲ್ಲಿ ಆರಂಭವಾಗಿದೆ.

ಪದಗಳ ಅರ್ಥ
ಪೆಡಸು – ಬಾಗದೆ ಮುರಿಯುವ ಗುಣ
ನಾಟು – ಪರಿಣಾಮ ಮಾಡು
ಹೆಕ್ಕು – ಒಂದೊಂದಾಗಿ ಆರಿಸು

ಉತ್ತರಿಸಿರಿ
1. ಪ್ಲಾಸ್ಟಿಕ್ ಕಣವನ್ನು ದೋಣಿಗೆ ಏಕೆ ಹೋಲಿಸಲಾಗಿದೆ?
2. ಆ್ಯಂಟಿಬಯೋಟಿಕ್ ಕಡಲು ಸೇರುವ ದಾರಿಗಳು ಯಾವುವು?
3. ಮದ್ದಿಗೆ ಬಗ್ಗದ ರೋಗಾಣುಗಳಿಂದ ನಮಗೇನು ಅಪಾಯ?

ಮಾಡಿ ನೋಡಿರಿ
ಶಾಲೆಯ ತೋಟದಲ್ಲಿ ಒಂದು ತುಂಡು ಬಾಳೆಲೆಯನ್ನೂ ಒಂದು ತುಂಡು ಪ್ಲಾಸ್ಟಿಕನ್ನೂ ಹೂಳಿರಿ. ಒಂದು ತಿಂಗಳ ಬಳಿಕ ಅಗೆದು ನೋಡಿರಿ. ಕಂಡುದನ್ನು ಬರೆಯಿರಿ. ಪ್ಲಾಸ್ಟಿಕ್ ತುಂಡನ್ನು ಮರೆಯದೆ ಹೊರತೆಗೆಯಿರಿ.