ತೋಟದ ಹೂವುಗಳನ್ನು ಮೇಣದಲ್ಲಿ ಅದ್ದಿ ಕಾಪಾಡುವ ಕ್ರಮ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಲ್ಲಿ ಹೂವಿನ ಬೇಸಾಯವು ಅಡಿಕೆ, ಭತ್ತ, ಮುಸುಕಿನ ಜೋಳಗಳಷ್ಟು ವಿಸ್ತಾರವಾದುದಲ್ಲ. ಆದರೂ ಹಿತ್ತಿಲಲ್ಲಿ ನಾಲ್ಕು ಗುಲಾಬಿ ಗಿಡಗಳನ್ನೂ ಒಂದು ಸಾಲು ಸೇವಂತಿಗೆಯನ್ನೂ ಬೆಳೆಸುವ ಮನೆಗಳು ಬಹಳವಾಗಿವೆ. ಹಬ್ಬದ ಹಿಂದಿನ ದಿನ ಹೂವಿಗೆ ಇರುವ ಬೆಲೆಯು ಹಬ್ಬ ಕಳೆದ ಮಾರನೆಯ ದಿನ ಇರುವುದಿಲ್ಲ. ಕಷ್ಟಪಟ್ಟು ನೀರೆರೆದು ಬೆಳೆದ ಹೂವು ಕಣ್ಣೆದುರಿಗೇ ಬಾಡಿ ಗೊಬ್ಬರದ ಗುಂಡಿಯನ್ನು ಸೇರುತ್ತದೆ. ಇಂಥ ಹೂವುಗಳಲ್ಲಿ ಸ್ವಲ್ಪ ಭಾಗವನ್ನಾದರೂ ಮೇಣದಲ್ಲಿ ಅದ್ದಿ ಕೆಲವು ದಿನಗಳು ಕಾಪಾಡಬಹುದೇ, ಅದರಿಂದ ಪ್ರಯೋಜನವುಂಟೇ ಎಂಬುದನ್ನು ಇಲ್ಲಿ ವಿಚಾರಮಾಡೋಣ.

೧. ಹೂವು ಬಾಡುವುದೇಕೆ?

ಗಿಡದಿಂದ ಕೊಯ್ದ ಮೇಲೂ ಹೂವು ಜೀವವುಳ್ಳದ್ದೇ ಆಗಿರುತ್ತದೆ. ಅದು ಉಸಿರಾಡುತ್ತದೆ, ದಳಗಳ ಮೂಲಕ ನೀರನ್ನು ಆವಿಯಾಗಿ ಹೊರಕ್ಕೆ ಬಿಡುತ್ತದೆ. ಬೇರಿನಿಂದ ಬರುತ್ತಿದ್ದ ನೀರು ನಿಂತುಹೋಗಿರುವುದರಿಂದ ಹೋದ ತೇವವು ತುಂಬಿಕೊಳ್ಳುವುದಿಲ್ಲ. ದಳಗಳು ಸೊರಗಿ ಜೋಲುತ್ತವೆ. ಒಣ ಹವೆಯುಳ್ಳ ಜಗಳೂರಿನ ಕಡೆ ಇದು ಬೇಗ ನಡೆಯುತ್ತದೆ. ಚನ್ನಗಿರಿ, ನ್ಯಾಮತಿಯ ಅಡಿಕೆ ತೋಟಗಳ ತಂಪಿನಲ್ಲಿ ಬಾಡುವುದು ಸ್ವಲ್ಪ ನಿಧಾನ. ಆದರೆ ಮಳೆಗಾಲದಲ್ಲಿ ಅಲ್ಲಿ ಬೂಷ್ಟು ಹಿಡಿಯುವ ಭಯ ಹೆಚ್ಚು.

ದಳಗಳ ಮೇಲೆ ಮೇಣದ ತೆಳುವಾದ ಪೊರೆಯೊಂದು ಕುಳಿತರೆ ನೀರು ಆವಿಯಾಗುವ ದಾರಿ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ದಳವು ಇದ್ದ ಆಕಾರದಲ್ಲಿಯೇ ಸೆಟೆದು ನಿಲ್ಲುತ್ತದೆ. ಈ ತತ್ತ್ವವು ನಮ್ಮ ರೈತರಿಗೆ ಹೊಸದಲ್ಲ. ಕಸಿ ಕಟ್ಟಿದ ಗಾಯವು ಒಣಗದಂತೆ ಮೇಣ ಬಳಿಯುವುದೂ ಇದೇ ಕಾರಣದಿಂದ. ೧೯೫೦ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಹಣ್ಣುಗಳು ಬೇಗ ಕೆಡದಂತೆ ಮೇಣದ ದ್ರಾವಣದ ಲೇಪವನ್ನು ರೂಪಿಸಿರುವುದೂ ಇದೇ ತತ್ತ್ವದ ಮೇಲೆ.

೨. ಯಾವ ಹೂವು ತಕ್ಕದ್ದು?

ದಪ್ಪ ದಳಗಳ, ಗಟ್ಟಿ ತೊಟ್ಟಿನ ಹೂವುಗಳು ಉತ್ತಮ. ಗುಲಾಬಿ, ಜರ್ಬೆರಾ, ಸಣ್ಣ ಸೇವಂತಿಗೆ ಇವು ಮೇಣವನ್ನು ತಡೆದುಕೊಳ್ಳುತ್ತವೆ. ಚೆಂಡುಹೂವಿನಲ್ಲಿ ದಳಗಳು ಒತ್ತಾಗಿರುವುದರಿಂದ ಮೇಣವು ಗಂಟಾಗಿ ನಿಲ್ಲುತ್ತದೆ. ಸಡಿಲವಾದ ಸಣ್ಣ ಹೂವುಗಳನ್ನು ಮಾತ್ರ ಆರಿಸತಕ್ಕದ್ದು. ಮಲ್ಲಿಗೆ, ಕನಕಾಂಬರಗಳ ದಳ ಬಹು ತೆಳುವು. ಬಿಸಿ ತಗಲಿದೊಡನೆ ಕಂದುತ್ತವೆ. ಮಲ್ಲಿಗೆಯ ಬೆಲೆಯೆಲ್ಲ ಪರಿಮಳದಲ್ಲಿ. ಮೇಣವು ಪರಿಮಳವನ್ನು ಅಡಗಿಸುವುದರಿಂದ ಅದನ್ನು ಅದ್ದುವುದು ವ್ಯರ್ಥ.

ಬೆಳಿಗ್ಗೆ ಮಂಜಿನ ಹನಿ ಆರಿದ ಬಳಿಕ, ಬಿಸಿಲು ಏರುವುದಕ್ಕೆ ಮೊದಲು, ಅರ್ಧ ಅಥವಾ ಮುಕ್ಕಾಲು ಅರಳಿದ ಹೂವುಗಳನ್ನು ಒಂದು ಗೇಣು ಕಾಂಡವಿರುವಂತೆ ಕೊಯ್ಯಬೇಕು. ಕಾಂಡವನ್ನು ಒಂದು ಗಂಟೆ ನೀರಿನಲ್ಲಿ ನಿಲ್ಲಿಸಿ, ಬಳಿಕ ಹೂವನ್ನೂ ಕಾಂಡವನ್ನೂ ನೆರಳಿನಲ್ಲಿ ಚೆನ್ನಾಗಿ ಆರಿಸಬೇಕು. ದಳದ ಮೇಲೆ ನೀರಿನ ಹನಿಯಿದ್ದರೆ ಮೇಣವು ಅಂಟುವುದಿಲ್ಲ. ಬಾಡಲು ಮೊದಲಾದ ಹೂವನ್ನು ಅದ್ದಿದರೆ ಬಾಡಿದ ರೂಪವೇ ಉಳಿಯುತ್ತದೆ.

೩. ಬೇಕಾದ ಸಾಮಾನುಗಳು

ಬಣ್ಣವಿಲ್ಲದ ಪ್ಯಾರಾಫಿನ್ ಮೇಣ, ಅದು ಸಿಕ್ಕದಿದ್ದರೆ ಬಿಳಿಯ ಮೇಣದ ಬತ್ತಿಗಳು. ದೊಡ್ಡದೊಂದು ಪಾತ್ರೆ, ಅದರೊಳಗೆ ಕೂರುವ ಸಣ್ಣ ಪಾತ್ರೆ. ಒಂದು ಬೋಗುಣಿ ತಣ್ಣೀರು. ಬೆಂಕಿಕಡ್ಡಿಯಂಥ ಸಣ್ಣ ಕಡ್ಡಿ. ಪಾತ್ರೆಗೆ ಸರಿಹೊಂದುವ ಮುಚ್ಚಳ. ಜೇನು ಸಾಕಿರುವವರು ಶುದ್ಧಮಾಡಿದ ಜೇನುಮೇಣವನ್ನು ಹತ್ತು ಪಾಲಿಗೆ ಒಂದು ಪಾಲಿನಂತೆ ಬೆರೆಸಬಹುದು. ಇದರಿಂದ ಪೊರೆಯು ಸಿಡಿಯುವುದು ಕಡಮೆಯಾಗುತ್ತದೆ. ಜೇನುಮೇಣವೊಂದನ್ನೇ ಬಳಸಿದರೆ ಬಿಳಿಯ ಹೂವಿಗೆ ಹಳದಿಯ ಛಾಯೆ ಬರುತ್ತದೆ. ಅದು ಕರಗಲು ಸುಮಾರು ೬೨ರಿಂದ ೬೪ ಡಿಗ್ರಿ ಸೆಂಟಿಗ್ರೇಡ್ ಶಾಖವೂ ಬೇಕು.

೪. ಅದ್ದುವ ಕ್ರಮ

ದೊಡ್ಡ ಪಾತ್ರೆಯಲ್ಲಿ ನೀರನ್ನು ಕಾಯಿಸಿ, ಮೇಣವಿರುವ ಸಣ್ಣ ಪಾತ್ರೆಯನ್ನು ಅದರಲ್ಲಿಟ್ಟು ಕರಗಿಸಬೇಕು. ಮೇಣವನ್ನು ನೇರವಾಗಿ ಉರಿಯ ಮೇಲೆ ಎಂದಿಗೂ ಇಡಕೂಡದು. ಪೂರ್ತಿ ಕರಗಿದ ಮೇಲೆ ಒಲೆಯಿಂದ ಇಳಿಸಿ, ಪಾತ್ರೆಯ ಅಂಚಿನಲ್ಲಿ ತೆಳ್ಳನೆಯ ಕೆನೆಯು ಕಟ್ಟಲು ಮೊದಲಾಗುವವರೆಗೆ ಕಾಯಬೇಕು. ಇದೇ ಅದ್ದುವುದಕ್ಕೆ ತಕ್ಕ ಹದ. ಶಾಖಮಾಪಕವಿಲ್ಲದವರಿಗೂ ಈ ಗುರುತು ಸಾಕು. ಮೇಣವು ಇದಕ್ಕಿಂತ ಬಿಸಿಯಾಗಿದ್ದರೆ ದಳವು ಬೆಂದು ಗಾಜಿನಂತೆ ತಿಳಿಯಾಗಿ ಕಂದುತ್ತದೆ. ತಣ್ಣಗಾಗಿದ್ದರೆ ಲೇಪವು ದಪ್ಪವಾಗಿ ಹಾಲಿನಂತೆ ಬೆಳ್ಳಗೆ ಕಾಣುತ್ತದೆ.

ಕಾಂಡವನ್ನು ಹಿಡಿದು, ಹೂವನ್ನು ತಲೆಕೆಳಗಾಗಿ ಮೇಣದಲ್ಲಿ ಮುಳುಗಿಸಿ, ಒಂದೆರಡು ಕ್ಷಣಗಳಲ್ಲಿಯೇ ಎತ್ತಬೇಕು. ಪಾತ್ರೆಯ ಮೇಲೆಯೇ ಮೆಲ್ಲನೆ ತಿರುಗಿಸುತ್ತ ಒದರಿ, ಹೆಚ್ಚಾದ ಮೇಣವು ತೊಟ್ಟಿಕ್ಕುವಂತೆ ಮಾಡಬೇಕು. ಅಂಟಿಕೊಂಡ ದಳಗಳನ್ನು ಮೇಣವು ಮೆತ್ತಗಿರುವಾಗಲೇ ಕಡ್ಡಿಯಿಂದ ಬಿಡಿಸಿ, ಕೂಡಲೇ ತಣ್ಣೀರಿನಲ್ಲಿ ಅದ್ದಿ ತೆಗೆಯಬೇಕು. ಬಳಿಕ ಕಾಂಡವನ್ನೂ ಅದರ ಕತ್ತರಿಸಿದ ತುದಿಯನ್ನೂ ಮೇಣದಲ್ಲಿ ಅದ್ದಿ ಮುಚ್ಚಬೇಕು. ತುದಿಯನ್ನು ತೆರೆದು ಬಿಟ್ಟರೆ ಒಳಗಿನ ನೀರು ಆ ದಾರಿಯಿಂದ ಹೊರಟುಹೋಗುತ್ತದೆ.

೫. ಅಪಾಯಗಳು

ಮೇಣವು ನೀರಿನಂತೆ ಕುದಿದು ಎಚ್ಚರಿಕೆ ಕೊಡುವುದಿಲ್ಲ. ಉರಿಯ ಮೇಲೆ ಬಿಟ್ಟರೆ ಕಾಯುತ್ತಲೇ ಹೋಗಿ, ಅದರ ಆವಿಯು ಥಟ್ಟನೆ ಹೊತ್ತಿಕೊಳ್ಳುತ್ತದೆ. ಆಗ ನೀರು ಸುರಿದರೆ ಆ ನೀರು ಕ್ಷಣದಲ್ಲಿ ಆವಿಯಾಗಿ, ಉರಿಯುವ ಮೇಣವನ್ನು ಸುತ್ತಲೂ ಎರಚುತ್ತದೆ. ಆದುದರಿಂದ ಒಲೆಯನ್ನು ಆರಿಸಿ, ಮುಚ್ಚಳವನ್ನು ಮುಚ್ಚಿ, ಪಾತ್ರೆಯನ್ನು ಅಲುಗಿಸದೆ ಆರಲು ಬಿಡತಕ್ಕದ್ದು. ಚಿಕ್ಕ ಮಕ್ಕಳನ್ನು ಹತ್ತಿರ ಬಿಡಕೂಡದು. ಜೋಲಾಡುವ ಸೆರಗನ್ನು ಸಿಕ್ಕಿಸಿಕೊಳ್ಳಬೇಕು. ಮೈಮೇಲೆ ಬಿಸಿ ಮೇಣ ಬಿದ್ದರೆ ಕೀಳಲು ಹೋಗದೆ, ಹರಿಯುವ ತಣ್ಣೀರನ್ನು ಬಹಳ ಹೊತ್ತು ಬಿಡಬೇಕು. ಗಾಯ ದೊಡ್ಡದಾದರೆ ವೈದ್ಯರಲ್ಲಿಗೆ ಹೋಗಬೇಕು.

ಉಳಿದ ಮೇಣವನ್ನು ಬಚ್ಚಲಿಗೆ ಸುರಿದರೆ ಅದು ಗಟ್ಟಿಯಾಗಿ ಕೊಳವೆಯನ್ನು ಕಟ್ಟುತ್ತದೆ. ಮೇಣದ ಹೂವುಗಳನ್ನು ದನಗಳ ಮುಂದೆ ಹಾಕಕೂಡದು. ತುಂಗಭದ್ರೆಗಾಗಲಿ ಸೂಳೆಕೆರೆಗಾಗಲಿ ಊರ ಕೆರೆಗಾಗಲಿ ಬಿಡಕೂಡದು. ಹಳೆಯ ಹೂವುಗಳನ್ನು ಬಿಸಿನೀರಿನಲ್ಲಿ ಹಾಕಿದರೆ ಮೇಣವು ಕರಗಿ ಮೇಲೆ ತೇಲುತ್ತದೆ. ನೀರು ಆರಿದ ಮೇಲೆ ಅದನ್ನು ಬಿಲ್ಲೆಯಂತೆ ಎತ್ತಿ, ಮತ್ತೆ ಬಳಸಬಹುದು.

೬. ಎಷ್ಟು ದಿನ? ಎಷ್ಟು ಲಾಭ?

ಮೇಣದ ಹೂವು ಶಾಶ್ವತವಲ್ಲ. ಹೂವಿನ ಜಾತಿಯನ್ನೂ ಹವೆಯನ್ನೂ ಅನುಸರಿಸಿ ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಅಂದವಾಗಿರುತ್ತದೆ. ಬಳಿಕ ಒಳಗಿನ ದಳವು ಕಂದುತ್ತದೆ. ತಂಪಾದ ನೆರಳಿನಲ್ಲಿಟ್ಟರೆ ಹೆಚ್ಚು ದಿನ. ಬೇಸಗೆಯ ಬಿಸಿಲಿನಲ್ಲಿಟ್ಟರೆ ಮೇಣವು ಮೆತ್ತಗಾಗಿ ದಳಗಳು ಕುಸಿಯುತ್ತವೆ. ತಿಂಗಳುಗಟ್ಟಲೆ ಉಳಿಯಬೇಕಾದ ಹೂವನ್ನು ಒಣ ಮರಳಿನಲ್ಲಿ ಹೂತು ಒಣಗಿಸುವುದೇ ಮೇಲು.

ಹಬ್ಬದ ಮಾರನೆಯ ದಿನ ಉಳಿಯುವ ಚೆಂಡುಹೂವಿನ ರಾಶಿಯನ್ನು ಈ ಕ್ರಮದಿಂದ ಉಳಿಸುತ್ತೇವೆಂದು ಯಾರೂ ನಂಬಬಾರದು. ಒಂದೊಂದಾಗಿ ಅದ್ದಬೇಕಾದ ಕೆಲಸಕ್ಕೆ ರಾಶಿಯು ಒಗ್ಗುವುದಿಲ್ಲ. ಅದಕ್ಕೆ ಗೊಬ್ಬರದ ಗುಂಡಿಯೇ ಗತಿ. ಮದುವೆಯ ಮನೆಯ ಅಲಂಕಾರ, ಶಾಲೆಯ ಸಮಾರಂಭ, ಕಾಣಿಕೆಯ ಗುಚ್ಛ ಇಂಥವುಗಳಿಗೆ ಮೊದಲೇ ಕೇಳಿದವರಿದ್ದರೆ ಮಾತ್ರ ಕೈಹಾಕತಕ್ಕದ್ದು.

ಸಾಲ ತಂದು ಮೇಣವನ್ನು ಪೆಟ್ಟಿಗೆಗಟ್ಟಲೆ ಕೊಳ್ಳುವ ಮೊದಲು ಮಹಿಳಾ ಸಂಘದವರೂ ಗೃಹಿಣಿಯರೂ ಈ ಸಣ್ಣ ಪರೀಕ್ಷೆಯನ್ನು ಮಾಡಿನೋಡಲಿ. ಒಂದೇ ಗಿಡದ ಹದಿನೈದು ಹೂವುಗಳನ್ನು ಕೊಯ್ದು, ಹತ್ತನ್ನು ಅದ್ದಿ, ಐದನ್ನು ಹಾಗೆಯೇ ಇಡಬೇಕು. ಮೇಣವಿರುವ ಪಾತ್ರೆಯನ್ನು ಅದ್ದುವ ಮೊದಲೂ ಅನಂತರವೂ ತೂಗಿ, ಕಡಮೆಯಾದ ತೂಕವನ್ನು ಹತ್ತರಿಂದ ಭಾಗಿಸಿದರೆ ಒಂದು ಹೂವಿಗೆ ತಗಲುವ ಮೇಣವು ತಿಳಿಯುತ್ತದೆ. ಅದಕ್ಕೆ ಹೂವಿನ ಬೆಲೆ, ಉರುವಲು, ಕೆಲಸದ ಹೊತ್ತು, ಕೆಟ್ಟುಹೋದ ಹೂವುಗಳ ನಷ್ಟ ಇವನ್ನು ಕೂಡಿಸಿದರೆ ನಿಜವಾದ ಖರ್ಚು ಸಿಕ್ಕುತ್ತದೆ. ಎರಡು ಬಗೆಯ ಹೂವುಗಳೂ ಎಷ್ಟು ದಿನ ನಿಂತುವೆಂಬುದನ್ನು ಪ್ರತಿದಿನ ಬರೆದಿಡಬೇಕು. ಜಗಳೂರಿನ ಬೇಸಗೆಯ ಫಲ ಬೇರೆ, ನ್ಯಾಮತಿಯ ಮಳೆಗಾಲದ ಫಲ ಬೇರೆ. ಆದುದರಿಂದ ಅವರವರ ಊರಿನಲ್ಲಿ, ಅವರವರ ಹೂವಿನಿಂದಲೇ ಪರೀಕ್ಷಿಸಬೇಕು. ಕೇಳುವವರು ಕೊಡುವ ಬೆಲೆಯು ಈ ಖರ್ಚನ್ನು ಮೀರಿದರೆ ಕೆಲಸವನ್ನು ಮುಂದುವರಿಸಬಹುದು. ಮೀರದಿದ್ದರೆ ಹತ್ತು ಹೂವಿನ ನಷ್ಟದಲ್ಲಿಯೇ ವಿಷಯವು ತಿಳಿದಂತಾಯಿತು.