ಕರಾರಿನಲ್ಲಿ ಖುದ್ದು ಹಾಜರಿ: ಯಾರು, ಎಲ್ಲಿ, ಯಾವಾಗ?

ಬೀಜೋತ್ಪಾದನೆ, ಮಿಡಿಸೌತೆ ಬೇಸಾಯ, ಕಟಾವು ಯಂತ್ರದ ಬಾಡಿಗೆ, ಹನಿ ನೀರಾವರಿ ಅಳವಡಿಕೆ – ಹೀಗೆ ರೈತನು ಬರವಣಿಗೆಯ ಕರಾರಿಗೆ ಸಹಿ ಹಾಕಬೇಕಾದ ಸಂದರ್ಭಗಳು ಇಂದು ಹೆಚ್ಚಾಗಿವೆ. ದರ, ತೂಕ, ಮುಂಗಡ ಹಣ, ಇವುಗಳನ್ನು ಎಲ್ಲರೂ ಎರಡೆರಡು ಸಲ ಓದುತ್ತಾರೆ. ಯಾವ ಕೆಲಸ ನಡೆಯುವಾಗ ಯಾರು ಖುದ್ದಾಗಿ ಹೊಲದಲ್ಲಿ ನಿಂತಿರಬೇಕು ಎಂಬ ಮಾತನ್ನು ಓದುವವರು ಕಡಿಮೆ, ಸರಿಯಾಗಿ ಬರೆಯುವವರು ಇನ್ನೂ ಕಡಿಮೆ. ಬೆಳೆ ಚೆನ್ನಾಗಿ ಬಂದ ವರ್ಷ ಈ ಮಾತಿನ ಗೊಡವೆಯೇ ಇರುವುದಿಲ್ಲ. ಬೆಳೆ ತಿರಸ್ಕೃತವಾದ ವರ್ಷ ತಕರಾರೆಲ್ಲ ಹುಟ್ಟುವುದು ಇಲ್ಲಿಂದಲೇ.

ನಾನು ವಕೀಲಿ ಓದಿದವನಲ್ಲ, ಬೇಸಾಯಶಾಸ್ತ್ರ ಕಲಿಸುವವನು. ಆದರೆ ಬೆಳೆಯ ಯಾವ ಹಂತದಲ್ಲಿ ಮನುಷ್ಯನ ಕಣ್ಣು ಹೊಲದ ಮೇಲಿರಲೇಬೇಕು ಎಂಬುದು ಕಾನೂನಿಗಿಂತ ಮೊದಲು ಬೇಸಾಯದ ಪ್ರಶ್ನೆ. ಈ ಪ್ರಶ್ನೆ ನನ್ನ ತಲೆಗೆ ಹೊಕ್ಕದ್ದು ಮನೆಯ ಅನುಭವದಿಂದ.

ನನ್ನ ಅಣ್ಣ ರಾಣೆಬೆನ್ನೂರಿನ ಕಡೆ ಎರಡು ಎಕರೆಯಲ್ಲಿ ಸಂಕರಣ ಗೋವಿನಜೋಳದ ಬೀಜೋತ್ಪಾದನೆಗೆ ಒಪ್ಪಿಕೊಂಡಿದ್ದ. ಕರಾರಿನಲ್ಲಿ ಎರಡು ಸಾಲುಗಳಿದ್ದವು. ಒಂದು, ‘ಕಂಪನಿಯ ತಾಂತ್ರಿಕ ಸಿಬ್ಬಂದಿ ಕಾಲಕಾಲಕ್ಕೆ ಭೇಟಿ ನೀಡಿ ಮಾರ್ಗದರ್ಶನ ಮಾಡುವರು.’ ಇನ್ನೊಂದು, ‘ಬೆಳೆಗಾರನು ಸದಾ ಹಾಜರಿದ್ದು ಬೆಳೆಯ ಶುದ್ಧತೆ ಕಾಪಾಡತಕ್ಕದ್ದು.’ ಸಿಬ್ಬಂದಿ ಮೂರು ಸಲ ಬಂದರು: ಬಿತ್ತನೆಯಲ್ಲಿ, ಮೇಲುಗೊಬ್ಬರದ ಹೊತ್ತಿಗೆ, ಕೊನೆಗೆ ತೆನೆ ಒಣಗಿದ ಮೇಲೆ. ಸೂಲಂಗಿ ಕೀಳುವ ಎರಡು ವಾರ ಯಾರೂ ಬರಲಿಲ್ಲ. ಅದೇ ದಿನಗಳಲ್ಲಿ ಅಣ್ಣ ಹೆಂಡತಿಯ ತವರಿನ ಮದುವೆಗೆಂದು ಎರಡು ದಿನ ಊರು ಬಿಟ್ಟಿದ್ದ; ಆಳುಗಳು ಕೆಲಸ ಮಾಡಿದ್ದರು. ಬೀಜ ಕಾರ್ಖಾನೆಗೆ ಹೋದ ಮೇಲೆ ಬೆರಕೆ ಹೆಚ್ಚೆಂದು ಇಡೀ ಮಾಲು ತಿರಸ್ಕೃತವಾಯಿತು. ಬೀಜದ ದರ ಸಿಗುವ ಮಾಲು ಸಾಮಾನ್ಯ ಕಾಳಿನ ದರಕ್ಕೆ ಹೋಯಿತು. ಕೇಳಲು ಹೋದಾಗ ಕಂಪನಿಯವರು, ‘ನಮ್ಮವರು ಕಾಲಕಾಲಕ್ಕೆ ಬಂದಿದ್ದಾರೆ, ನೀವು ಸದಾ ಹಾಜರಿರಲಿಲ್ಲ’ ಎಂದರು. ಕರಾರಿನ ಪ್ರಕಾರ ಎರಡೂ ನಿಜವೇ. ಆ ಎರಡು ದಿನದಲ್ಲಿ ಕೆಲಸ ಕೆಟ್ಟಿತೋ, ಉಳಿದ ದಿನಗಳಲ್ಲಿ ಕೆಟ್ಟಿತೋ, ಪಕ್ಕದ ಹೊಲದಿಂದ ಪರಾಗ ಬಂತೋ – ಯಾರೂ ಹೇಳುವಂತಿರಲಿಲ್ಲ. ನೋಡಿ ಬರೆದಿಟ್ಟವರು ಯಾರೂ ಇರಲಿಲ್ಲ.

‘ಕಾಲಕಾಲಕ್ಕೆ’ ಎಂಬ ಮಾತನ್ನು ಅಳೆಯಲು ಬರುವುದಿಲ್ಲ, ಆದ್ದರಿಂದ ಅದು ಯಾರನ್ನೂ ಕಟ್ಟಿಹಾಕುವುದಿಲ್ಲ. ‘ಸದಾ’ ಎಂಬ ಮಾತನ್ನು ಪಾಲಿಸಲು ಬರುವುದಿಲ್ಲ, ಆದ್ದರಿಂದ ಅದು ರೈತನನ್ನು ಮೊದಲ ದಿನದಿಂದಲೇ ತಪ್ಪಿತಸ್ಥನನ್ನಾಗಿ ಮಾಡುತ್ತದೆ. ಒಂದೇ ಹಾಳೆಯಲ್ಲಿ ಒಂದು ಪಕ್ಷಕ್ಕೆ ಮೊದಲನೆಯದು, ಇನ್ನೊಂದಕ್ಕೆ ಎರಡನೆಯದು ಇದ್ದರೆ ಆ ಕರಾರು ಒಂದು ಕಡೆ ವಾಲಿದೆ ಎಂದೇ ತಿಳಿಯಬೇಕು.

ಹಾಜರಿಯನ್ನು ಬೆಳೆಯ ಹಂತಕ್ಕೆ ಕಟ್ಟಬೇಕು

ಸಂಕರಣ ಗೋವಿನಜೋಳದಲ್ಲಿ ಹೆಣ್ಣು ಸಾಲಿನ ಗಿಡಗಳ ಸೂಲಂಗಿಯನ್ನು ಪರಾಗ ಉದುರುವ ಮೊದಲೇ ಕೀಳಬೇಕು. ಸೂಲಂಗಿ ಹೊರಬಂದ ಮೇಲೆ ಪರಾಗ ಉದುರಲು ಹೆಚ್ಚು ಸಮಯ ಹಿಡಿಯುವುದಿಲ್ಲ. ಎಲ್ಲ ಗಿಡಗಳೂ ಒಂದೇ ದಿನ ಸೂಲಂಗಿ ಬಿಡುವುದೂ ಇಲ್ಲ. ಆದ್ದರಿಂದ ಸುಮಾರು ಎರಡು ವಾರ ದಿನವೂ ಬೆಳಿಗ್ಗೆ ಪ್ರತಿ ಹೆಣ್ಣು ಸಾಲನ್ನೂ ನಡೆದು ನೋಡಬೇಕಾಗುತ್ತದೆ. ಪ್ರಮಾಣಿತ ಬೀಜದ ನಿಯಮ ಎಷ್ಟು ಬಿಗಿ ಎಂದರೆ, ಹೆಣ್ಣು ಗಿಡಗಳಲ್ಲಿ ಶೇ. 5 ಅಥವಾ ಹೆಚ್ಚಿನವುಗಳ ತೆನೆಯ ಕೂದಲು ಪರಾಗ ಹಿಡಿಯುವ ಸ್ಥಿತಿಗೆ ಬಂದ ಮೇಲೆ, ಪರಾಗ ಉದುರಿಸುತ್ತಿರುವ ಹೆಣ್ಣು ಗಿಡಗಳು ಯಾವ ತಪಾಸಣೆಯಲ್ಲೂ ಶೇ. 1ನ್ನು ಮೀರಬಾರದು. ಪ್ರಮಾಣೀಕರಣಕ್ಕೆ ಕನಿಷ್ಠ ನಾಲ್ಕು ಕ್ಷೇತ್ರ ತಪಾಸಣೆಗಳಿದ್ದು, ಅವುಗಳಲ್ಲಿ ಮೂರು ಹೂ ಬಿಡುವ ಕಾಲದಲ್ಲೇ ನಡೆಯಬೇಕು. ಏಕೆಂದರೆ ತಪ್ಪು ಕಣ್ಣಿಗೆ ಕಾಣುವುದು ಆಗ ಮಾತ್ರ. ಪರಾಗ ಕೂದಲ ಮೇಲೆ ಬಿದ್ದ ಮೇಲೆ ತೆನೆ ನೋಡಿ ಏನೂ ಹೇಳಲು ಬರುವುದಿಲ್ಲ. ಮೇಲುಗೊಬ್ಬರದ ದಿನ ಹತ್ತು ಜನ ಬಂದು ಹೋದರೂ ಸೂಲಂಗಿಯ ವಾರದಲ್ಲಿ ಒಬ್ಬ ಬಾರದಿದ್ದ ಕೊರತೆ ತುಂಬುವುದಿಲ್ಲ.

ಆದ್ದರಿಂದ ‘ಹಂಗಾಮಿನಲ್ಲಿ ಐದು ಭೇಟಿ’ ಎಂದು ಎಣಿಕೆ ಬರೆಸಿಕೊಂಡರೂ ಸಾಲದು. ‘ಆಗಸ್ಟ್ 20ರಂದು’ ಎಂದು ತಾರೀಖು ಬರೆಸಿದರೂ ಸರಿಹೋಗದು; ಮಳೆ ತಡವಾದರೆ ಬಿತ್ತನೆ ತಡ, ಬಿತ್ತನೆ ತಡವಾದರೆ ಹೂವೂ ತಡ. ‘ಹೆಣ್ಣು ಸಾಲಿನಲ್ಲಿ ಮೊದಲ ಸೂಲಂಗಿ ಕಂಡ ದಿನದಿಂದ’ ಎಂದು ಬೆಳೆಯ ಹಂತವನ್ನೇ ಗಡುವಾಗಿ ಬರೆಯಬೇಕು. ಹತ್ತಿಯ ಬೀಜೋತ್ಪಾದನೆಯಲ್ಲಿಯೂ ಹೀಗೆಯೇ. ಧಾರವಾಡದಲ್ಲಿ ರೂಪುಗೊಂಡ ವರಲಕ್ಷ್ಮಿ ತಳಿ 1972ರಲ್ಲಿ ಬಂದ ಕಾಲದಿಂದ ನಮ್ಮ ಭಾಗದವರಿಗೆ ಕ್ರಾಸಿಂಗ್ ಕೆಲಸ ಗೊತ್ತು. ಹಿಂದಿನ ದಿನ ಸಂಜೆ ಮೊಗ್ಗಿನ ಪುಂಕೇಸರ ತೆಗೆಯುವುದು, ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸುವುದು. ಅಲ್ಲಿ ಹಾಜರಿ ಬೇಕಾದದ್ದು ಆ ಸಂಜೆ ಮತ್ತು ಆ ಬೆಳಿಗ್ಗೆ. ಮಧ್ಯಾಹ್ನ ಮೂರಕ್ಕೆ ಬಂದು ಚಹಾ ಕುಡಿದು ಹೋದ ಭೇಟಿಯನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ಕಾಯಿದೆ ಏನು ಹೇಳುತ್ತದೆ?

1872ರ ಭಾರತೀಯ ಕರಾರು ಅಧಿನಿಯಮದ ಮೂರು ಕಲಮುಗಳು ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. 29ನೆಯ ಕಲಮಿನ ಪ್ರಕಾರ, ಅರ್ಥ ಖಚಿತವಾಗಿರದ, ಖಚಿತಪಡಿಸಿಕೊಳ್ಳಲೂ ಆಗದ ಒಪ್ಪಂದ ಶೂನ್ಯ. ಅಲ್ಲಿ ಕೊಟ್ಟ ಉದಾಹರಣೆ ನೂರು ಟನ್ ಎಣ್ಣೆಯದು. ಯಾವ ಎಣ್ಣೆ ಎಂದು ತಿಳಿಯುವ ದಾರಿಯೇ ಇಲ್ಲದಿದ್ದರೆ ಮಾತಿಗೆ ಬೆಲೆ ಇಲ್ಲ. ‘ಕಾಲಕಾಲಕ್ಕೆ ಭೇಟಿ’ ಎಂಬ ಒಂದು ಸಾಲಿನಿಂದ ಇಡೀ ಕರಾರು ಬಿದ್ದುಹೋಗದಿರಬಹುದು. ಆದರೆ ಅಷ್ಟು ಸಡಿಲವಾದ ಸಾಲನ್ನು ನೆಚ್ಚಿ ಪರಿಹಾರ ಕೇಳುವುದು ಕಷ್ಟ.

40ನೆಯ ಕಲಮು ಬದಲಿ ವ್ಯಕ್ತಿಯ ಕುರಿತದ್ದು. ಮಾತು ಕೊಟ್ಟವನೇ ಖುದ್ದಾಗಿ ಮಾಡಬೇಕೆಂಬುದು ಇಬ್ಬರ ಉದ್ದೇಶವಾಗಿದ್ದರೆ ಅವನೇ ಮಾಡಬೇಕು. ಹಾಗಿಲ್ಲದಿದ್ದರೆ ಸಮರ್ಥನಾದ ಇನ್ನೊಬ್ಬನಿಂದ ಮಾಡಿಸಬಹುದು. ಚಿತ್ರ ಬರೆದುಕೊಡುವೆನೆಂದ ಕಲಾವಿದ ತಾನೇ ಬರೆಯಬೇಕು ಎಂಬುದು ಅಲ್ಲಿಯ ಉದಾಹರಣೆ. ನಮ್ಮ ಕಡೆಯ ಬೀಜದ ವ್ಯವಹಾರಗಳಲ್ಲಿ ಕಂಪನಿಗೂ ರೈತನಿಗೂ ನಡುವೆ ಆರ್ಗನೈಜರ್ ಇರುವುದು ಸಾಮಾನ್ಯ. ಆರ್ಗನೈಜರ್ ಬಂದರೆ ಕಂಪನಿ ಬಂದಂತೆಯೇ? ಅವನ ಹುಡುಗ ಬಂದರೆ? ಕರಾರಿನಲ್ಲಿ ಬರೆಯದಿದ್ದರೆ, ಲಾಭವಿದ್ದಾಗ ‘ಹೌದು, ನಮ್ಮವನೇ’ ಎನ್ನುತ್ತಾರೆ, ನಷ್ಟವಾದಾಗ ‘ಅವನು ಯಾರೋ’ ಎನ್ನುತ್ತಾರೆ. ರೈತನ ಕಡೆಯೂ ಇದೇ ಮಾತು. ಹೆಂಡತಿ, ಮಗ, ಪಾಲಿನವನು – ಯಾರ ಹಾಜರಿ ರೈತನ ಹಾಜರಿಯಾಗಿ ಸಲ್ಲುತ್ತದೆ ಎಂದು ಹೆಸರು ಹಿಡಿದು ಬರೆಸಬೇಕು. ಹೊಲದಲ್ಲಿ ನಿಜವಾಗಿ ನಿಂತು ಕ್ರಾಸಿಂಗ್ ಮಾಡಿಸುವವರು ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳೇ. ಕರಾರಿನಲ್ಲಿ ಮಾತ್ರ ಅವರ ಹೆಸರು ಎಲ್ಲಿಯೂ ಇರುವುದಿಲ್ಲ.

67ನೆಯ ಕಲಮನ್ನು ರೈತರು ವಿಶೇಷವಾಗಿ ಗಮನಿಸಬೇಕು. ಕೆಲಸ ಮಾಡಿಕೊಡುವವನಿಗೆ ಬೇಕಾದ ಅನುಕೂಲವನ್ನು ಮಾಡಿಸಿಕೊಳ್ಳುವವನೇ ಒದಗಿಸದಿದ್ದರೆ, ಆ ಕಾರಣದಿಂದ ಆಗದೆ ಉಳಿದ ಕೆಲಸಕ್ಕೆ ಮಾಡಿಕೊಡುವವನು ಹೊಣೆಯಲ್ಲ. ಮನೆ ದುರಸ್ತಿಗೆ ಬಂದವನಿಗೆ ಎಲ್ಲಿ ಸೋರುತ್ತದೆ ಎಂದು ಯಜಮಾನ ತೋರಿಸದಿದ್ದರೆ ದುರಸ್ತಿಯವನದು ತಪ್ಪಲ್ಲ. ಹನಿ ನೀರಾವರಿಯ ಮೆಕ್ಯಾನಿಕ್ ಬಂದ ದಿನ ಪಂಪ್‌ಸೆಟ್ ಮನೆಯ ಬೀಗದ ಕೈ ರೈತನ ಜೇಬಿನಲ್ಲಿ ಸಂತೆಗೆ ಹೋಗಿದ್ದರೆ ಆ ಭೇಟಿ ಆದಂತೆಯೇ ಲೆಕ್ಕ. ಖುದ್ದು ಹಾಜರಿಯ ಮಾತು ಎರಡೂ ಕಡೆ ಕೊಯ್ಯುವ ಕುಡುಗೋಲು. ಆದ್ದರಿಂದ ಬರುವವರು ಎಷ್ಟು ಗಂಟೆ ಮುಂಚೆ ತಿಳಿಸಬೇಕು ಎಂಬುದನ್ನೂ ಸೇರಿಸಬೇಕು.

ತೂಕ, ದರ್ಜೆ, ಮಾದರಿ

ಬೆಳೆಯುವಾಗಿನ ಹಾಜರಿಯಷ್ಟೇ ಮುಖ್ಯ ಮಾಲು ಕೈಬಿಡುವಾಗಿನ ಹಾಜರಿ. ಮಿಡಿಸೌತೆಯನ್ನೇ ನೋಡಿ. ಕಿಲೋಗೆ ಎಷ್ಟು ಕಾಯಿ ತೂಗುತ್ತವೆ ಎಂಬುದರ ಮೇಲೆ ದರ್ಜೆ, ದರ್ಜೆಯ ಮೇಲೆ ದರ. ಸಣ್ಣ ಕಾಯಿಗೆ ಹೆಚ್ಚು ಬೆಲೆ. ಒಂದು ದಿನ ಕೀಳದೆ ಬಿಟ್ಟರೆ ಕಾಯಿ ದಪ್ಪಗಾಗಿ ಕೆಳ ದರ್ಜೆಗೆ ಇಳಿಯುತ್ತದೆ. ಊರಿನ ಸಂಗ್ರಹ ಕೇಂದ್ರದಲ್ಲಿ ರೈತನ ಎದುರು ತೂಕವಾಗಿ, ದರ್ಜೆ ಮಾತ್ರ ಕಾರ್ಖಾನೆಯಲ್ಲಿ ಅವನ ಬೆನ್ನ ಹಿಂದೆ ತೀರ್ಮಾನವಾದರೆ, ತೂಕದ ಹಾಜರಿಯಿಂದ ಪ್ರಯೋಜನವೇನು? ‘ಅಂತಿಮ ದರ್ಜೆಯನ್ನು ಸಂಗ್ರಹ ಕೇಂದ್ರದಲ್ಲಿಯೇ, ಬೆಳೆಗಾರನ ಎದುರು ನಿರ್ಧರಿಸಿ ಚೀಟಿ ಕೊಡತಕ್ಕದ್ದು’ ಎಂಬ ಒಂದು ಸಾಲು ಇಲ್ಲಿ ದರದ ಸಾಲಿನಷ್ಟೇ ಬೆಲೆಯುಳ್ಳದ್ದು.

ಮಾದರಿ ತೆಗೆಯುವ ಬಗೆಗೆ 1966ರ ಬೀಜ ಅಧಿನಿಯಮವು ಒಳ್ಳೆಯ ಮಾದರಿ. ಬೀಜ ನಿರೀಕ್ಷಕನು ಮಾದರಿ ತೆಗೆಯುವಾಗ ಸಾಧ್ಯವಾದಷ್ಟು ಮಟ್ಟಿಗೆ ಇಬ್ಬರಿಗೆ ಕಡಿಮೆಯಿಲ್ಲದಂತೆ ಜನರನ್ನು ಕರೆದು ಅವರ ಸಹಿ ಪಡೆಯಬೇಕು. ಮಾದರಿ ಮೂರು: ಒಂದು ಮಾಲಿನವನ ಕೈಗೆ, ಒಂದು ವಿಶ್ಲೇಷಕನಿಗೆ, ಒಂದು ಮುಂದಿನ ವ್ಯಾಜ್ಯಕ್ಕೆಂದು ಮುದ್ರೆಯೊಡನೆ ಜೋಪಾನಕ್ಕೆ. ಮಾಲಿನವನು ತನ್ನ ಪಾಲಿನ ಮಾದರಿ ಬೇಡವೆಂದರೆ ಏನು ಮಾಡಬೇಕೆಂಬುದನ್ನೂ ಬರೆದಿದ್ದಾರೆ. ಯಾರು ಇರಬೇಕು, ಇದ್ದುದಕ್ಕೆ ಗುರುತೇನು, ಒಪ್ಪದಿದ್ದರೆ ಮುಂದೇನು – ಮೂರೂ ಅಲ್ಲಿವೆ. ನಮ್ಮ ಖಾಸಗಿ ಕರಾರುಗಳಲ್ಲಿ ಮೂರನೆಯದು ಯಾವಾಗಲೂ ಬಿಟ್ಟುಹೋಗುತ್ತದೆ.

ಮೊಬೈಲ್ ಚಿತ್ರ ಹಾಜರಿಯೇ?

ಈಗ ಸಿಬ್ಬಂದಿ ‘ಒಂದು ಫೋಟೋ ಕಳಿಸಿ ಸಾಕು’ ಎನ್ನುವುದು ರೂಢಿಯಾಗಿದೆ. ಎಲೆಯ ಮೇಲಿನ ಚುಕ್ಕೆ ಯಾವ ರೋಗದ್ದು ಎಂದು ಹೇಳಲು ಎಷ್ಟೋ ಸಲ ಚಿತ್ರ ಸಾಕಾಗುತ್ತದೆ. ಅಂಥ ಕೆಲಸಕ್ಕೆ ಇಪ್ಪತ್ತು ಮೈಲಿ ದೂರದಿಂದ ಮನುಷ್ಯನನ್ನು ಕರೆಸುವುದು ವ್ಯರ್ಥ ಖರ್ಚು, ಆ ಖರ್ಚು ಹೇಗೋ ರೈತನ ದರದಲ್ಲೇ ಕಳೆಯುತ್ತದೆ. ಆದರೆ ಎರಡು ಎಕರೆಯಲ್ಲಿ ಶೇ. 1 ಗಿಡ ಪರಾಗ ಉದುರಿಸುತ್ತಿದೆಯೇ ಎಂಬುದು ಚಿತ್ರದಿಂದ ತಿಳಿಯುವುದಿಲ್ಲ, ಸಾಲು ನಡೆದೇ ಎಣಿಸಬೇಕು. ಯಾವುದಕ್ಕೆ ಚಿತ್ರ ಸಾಕು, ಯಾವುದಕ್ಕೆ ಕಾಲು ಹೊಲಕ್ಕೆ ಬರಬೇಕು ಎಂದು ಕರಾರಿನಲ್ಲೇ ವಿಂಗಡಿಸಬೇಕು.

ಕಟಾವು ಯಂತ್ರದ ಬಾಡಿಗೆಯಲ್ಲಿ ಪ್ರಶ್ನೆ ಇಷ್ಟೇ: ಗಂಟೆಯ ಲೆಕ್ಕ ಶುರುವಾಗುವುದು ಯಂತ್ರ ಗದ್ದೆಗೆ ಇಳಿದಾಗಲೋ, ಊರ ಬಾಗಿಲಿಗೆ ಬಂದಾಗಲೋ? ಆ ಎರಡೂ ಹೊತ್ತನ್ನು ಬರೆದುಕೊಳ್ಳುವವರು ಯಾರು? ಮೀಟರ್ ಓದುವಾಗ ನಿಮ್ಮವರೊಬ್ಬರು ನಿಂತಿದ್ದರೆ ಮುಗಿಯಿತು.

ಬೆಳೆ ವಿಮೆಯೂ ಒಂದು ಕರಾರೇ. 2016ರ ಮುಂಗಾರಿನಿಂದ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು, ಭೂಕುಸಿತ ಮೊದಲಾದ ಸ್ಥಳೀಯ ವಿಕೋಪದ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕೆಂದೂ, ನಂತರದ ಹಾನಿ ಅಂದಾಜು ವಿಮಾ ಕಂಪನಿಯ ಅಂದಾಜುಗಾರ, ಕೃಷಿ ಅಧಿಕಾರಿ ಮತ್ತು ಸಂಬಂಧಪಟ್ಟ ರೈತ ಇವರ ಜಂಟಿ ತಪಾಸಣೆಯಿಂದ ಆಗಬೇಕೆಂದೂ ಮಾರ್ಗಸೂಚಿ ಇತ್ತು. ಅಂದರೆ ರೈತ ಅಲ್ಲಿ ನೋಡುಗನಲ್ಲ, ತಪಾಸಣೆಯ ಒಬ್ಬ ಸದಸ್ಯ. ವಿಸ್ತರಣಾ ಕಾರ್ಯಕರ್ತರು ಇದನ್ನು ರೈತರಿಗೆ ತಿಳಿಸಿ ಹೇಳಬೇಕು. ಖಾಲಿ ನಮೂನೆಗೆ ಮೊದಲೇ ಸಹಿ ಹಾಕಿಕೊಟ್ಟು ಊರಿಗೆ ಹೋಗುವ ಅಭ್ಯಾಸ ನಮ್ಮಲ್ಲಿ ಬಹಳವಿದೆ.

ಒಂದು ನಮೂನೆ

ಗೋವಿನಜೋಳದ ಬೀಜೋತ್ಪಾದನೆಗೆ ಒಂದು ಕಲಮು ಹೀಗಿರಬಹುದು:

‘ಹೆಣ್ಣು ಸಾಲಿನಲ್ಲಿ ಮೊದಲ ಸೂಲಂಗಿ ಕಂಡ ದಿನವೇ ಬೆಳೆಗಾರನು ಕಂಪನಿಗೆ ಮೊಬೈಲ್ ಸಂದೇಶದಿಂದ ತಿಳಿಸತಕ್ಕದ್ದು. ಸಂದೇಶ ತಲುಪಿದ 24 ಗಂಟೆಯೊಳಗೆ ಕಂಪನಿಯ ಕ್ಷೇತ್ರ ಸಿಬ್ಬಂದಿಯು ಸದರಿ ಸರ್ವೆ ನಂಬರಿನ ಹೊಲಕ್ಕೆ ಖುದ್ದಾಗಿ ಬರತಕ್ಕದ್ದು. ಅಲ್ಲಿಂದ ಸೂಲಂಗಿ ಕೀಳುವ ಕೆಲಸ ಮುಗಿಯುವವರೆಗೆ ದಿನ ಬಿಟ್ಟು ದಿನ ಬೆಳಿಗ್ಗೆ ಬಂದು ಹೆಣ್ಣು ಸಾಲುಗಳನ್ನು ನಡೆದು ನೋಡತಕ್ಕದ್ದು. ಆರ್ಗನೈಜರನ ಭೇಟಿ ಕಂಪನಿಯ ಭೇಟಿ ಎನಿಸದು. ಬೆಳೆಗಾರನು ಅಥವಾ ಕೆಳಗೆ ಹೆಸರಿಸಿದ ಇಬ್ಬರಲ್ಲಿ ಒಬ್ಬರು ಈ ದಿನಗಳಲ್ಲಿ ಪ್ರತಿ ಬೆಳಿಗ್ಗೆ ಕೆಲಸ ಮುಗಿಯುವವರೆಗೆ ಹೊಲದಲ್ಲಿರತಕ್ಕದ್ದು. ಪ್ರತಿ ಭೇಟಿಯನ್ನೂ, ಕಂಡ ಗಿಡಗಳ ಎಣಿಕೆಯನ್ನೂ ಭೇಟಿ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಮಾಡತಕ್ಕದ್ದು. ಸಿಬ್ಬಂದಿ ಬಾರದ ದಿನದ ಮಟ್ಟಿಗೆ ಬೆಳೆಗಾರನ ದಾಖಲೆಯೇ ಅಂತಿಮ.’

ಕಂಪನಿಗಳು ಇದಕ್ಕೆ ಒಪ್ಪುತ್ತವೆಯೇ ಎಂದು ಕೇಳುವಿರಿ. ಒಬ್ಬನೇ ಹೋಗಿ ಕೇಳಿದರೆ ಒಪ್ಪಲಾರವು. ಒಂದೇ ಊರಿನ ಹತ್ತು ಬೆಳೆಗಾರರು ಬಿತ್ತನೆಗೆ ಮೊದಲೇ ಒಟ್ಟಾಗಿ ಕೇಳಿದರೆ ಕೊನೆಯ ಸಾಲನ್ನು ಬಿಟ್ಟು ಉಳಿದದ್ದಕ್ಕೆ ಒಪ್ಪಿದ್ದನ್ನು ನಾನೇ ಕಂಡಿದ್ದೇನೆ. ಕೊನೆಯ ಸಾಲಿಗೆ ಬದಲಾಗಿ, ಸಿಬ್ಬಂದಿ ಬಾರದ ದಿನ ಅಕ್ಕಪಕ್ಕದ ಹೊಲದ ಇಬ್ಬರು ರೈತರು ನೋಡಿ ಸಹಿ ಮಾಡಿದರೆ ಅದನ್ನು ಮಾನ್ಯ ಮಾಡುವುದೆಂದು ರಾಜಿಯಾಯಿತು. ಅದೂ ಕೆಟ್ಟ ಏರ್ಪಾಡಲ್ಲ.

ಇಷ್ಟಾದ ಮೇಲೂ ತಕರಾರು ಬಂದರೆ, ಮಾಲನ್ನು ಮರಳಿ ಕೊಳ್ಳುವ ಕರಾರಿನ ಮೇಲೆ ಬೀಜ ಬೆಳೆದ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು 2012ರಲ್ಲಿ, ಆಂಧ್ರಪ್ರದೇಶದ ಬೀಜ ಬೆಳೆಗಾರರ ಪ್ರಕರಣಗಳಲ್ಲಿ ತೀರ್ಪು ಕೊಟ್ಟಿದೆ. ಆದ್ದರಿಂದ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತೆರೆದಿದೆ. ಅಲ್ಲಿಗೆ ಹೋಗುವಾಗ ಕೈಯಲ್ಲಿ ಭೇಟಿ ಪುಸ್ತಕವಿರಬೇಕು. ನೂರು ಪುಟದ ಒಂದು ನೋಟ್‌ಬುಕ್ಕು ಸಾಕು. ಪುಟಗಳಿಗೆ ಮೊದಲೇ ಸಂಖ್ಯೆ ಹಾಕಿ, ತಾರೀಖು, ಬಂದ ಹೊತ್ತು, ಹೋದ ಹೊತ್ತು, ಬಂದವರ ಹೆಸರು, ಹೇಳಿದ ಮಾತು, ಸಹಿ ಎಂದು ಗೆರೆ ಎಳೆಯಿರಿ. ಸಹಿ ಮಾಡಿದ ಪುಟದ ಚಿತ್ರವನ್ನು ಅದೇ ಹೊತ್ತಿಗೆ ಮೊಬೈಲಿನಿಂದ ಬಂದವರಿಗೇ ಕಳಿಸಿಬಿಡಿ. ಯಾರೂ ಬಾರದ ದಿನವೂ ಪುಟ ಖಾಲಿ ಬಿಡದೆ ‘ಇಂದು ಯಾರೂ ಬಂದಿಲ್ಲ’ ಎಂದು ಬರೆಯಿರಿ. ಅಣ್ಣ ಈಗ ಅಂಥದೊಂದು ಪುಸ್ತಕವನ್ನು ಪಂಪ್‌ಸೆಟ್ ಮನೆಯ ಗೂಡಿನಲ್ಲಿ ಪೆನ್ನು ಕಟ್ಟಿ ಇಟ್ಟಿದ್ದಾನೆ.