ಬಕೆಟ್ ತಗ್ಗಿರಲಿ, ಹಿಂದೆ ಭಾರವಿರಲಿ

ತಮ್ಮಾ, ಮುಂದೆ ಲೋಡರ್ ಇರುವ ಟ್ರಾಕ್ಟರ್ ತರುವ ನಿನ್ನ ಯೋಚನೆ ಒಳ್ಳೆಯದೇ. ಹಟ್ಟಿಗೊಬ್ಬರ ಬುಟ್ಟಿಯಲ್ಲಿ ಹೊತ್ತು ತೋಟಕ್ಕೆ ಹಾಕುವ ಜನ ಈಗ ಬಜಗೋಳಿಯಲ್ಲಿ ಸಿಗುವುದು ಕಷ್ಟ, ಮಾಳದಲ್ಲೂ ಹೊಸ್ಮಾರಿನಲ್ಲೂ ಅದೇ ಕತೆ. ಗೊಬ್ಬರ, ಅಡಿಕೆ ಬುಡಕ್ಕೆ ಹಾಕುವ ಮಣ್ಣು, ಸೊಪ್ಪು, ರಬ್ಬರ್ ಮರದ ತುಂಡು, ಕೆಂಪುಕಲ್ಲು, ಎಲ್ಲವನ್ನೂ ಎತ್ತಿ ಸಾಗಿಸಲು ಇದಕ್ಕಿಂತ ಅನುಕೂಲದ ಯಂತ್ರ ಬೇರಿಲ್ಲ. ಆದರೆ ಬಯಲುಸೀಮೆಯ ಸಪಾಟು ಹೊಲದಲ್ಲಿ ನಡೆಯುವ ಅಭ್ಯಾಸಗಳು ನಮ್ಮಲ್ಲಿ ನಡೆಯುವುದಿಲ್ಲ. ನಮ್ಮದು ಘಟ್ಟದ ಬುಡ. ಗುಡ್ಡೆ ಇಳಿದರೆ ತೋಟ, ತೋಟ ದಾಟಿದರೆ ಬೈಲು, ಬೈಲಿನಾಚೆ ತೋಡು. ವರ್ಷಕ್ಕೆ 4000 ಮಿಲಿಮೀಟರಿಗೂ ಮಿಕ್ಕಿದ ಮಳೆ. ಇಲ್ಲಿ ಯಂತ್ರದ ಬಾಳಿಕೆಯನ್ನೂ ಅದರ ಮೇಲೆ ಕೂತವನ ಜೀವವನ್ನೂ ಕಾಯುವುದು ಎರಡೇ ಸಂಗತಿ: ಇಳಿಜಾರನ್ನು ಅರಿಯುವುದು, ನೀರನ್ನು ದೂರ ಇಡುವುದು. ನಾನು ಹೇಳುವುದೆಲ್ಲ ಈ ಎರಡರ ಸುತ್ತಲೇ ಇದೆ.

ಮೊದಲು ತೋಟದ ಅಳತೆ ತೆಗೆ. ಅಡಿಕೆಗೆ ಶಿಫಾರಸು ಮಾಡಿದ ಅಂತರ 9 ಅಡಿ, ಅಂದರೆ ಸುಮಾರು 2.7 ಮೀಟರ್. ನಲವತ್ತು, ನಲವತ್ತೈದು ಎಚ್‌ಪಿ ಟ್ರಾಕ್ಟರಿನ ಅಗಲವೇ ಆರಡಿಯ ಹತ್ತಿರ ಬರುತ್ತದೆ. ಸಾಲಿನೊಳಗೆ ಅದನ್ನು ತಿರುಗಿಸಹೊರಟರೆ ಬಕೆಟಿನ ಮೂಲೆ ಮರಕ್ಕೆ ತಾಗುವುದು ಖಂಡಿತ. ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹೆಚ್ಚು ಹರಡುವುದರಿಂದ, ಒದ್ದೆ ನೆಲದಲ್ಲಿ ಚಕ್ರ ಹಾಯ್ದರೆ ಮಣ್ಣು ಬಿಗಿದು ಬೇರಿಗೂ ಪೆಟ್ಟು. ಆದ್ದರಿಂದ ತೋಟದ ಅಂಚಿನಲ್ಲಿ ಒಂದು ಗಟ್ಟಿ ದಾರಿ ಮಾಡಿಕೋ. ಲೋಡರಿನ ಕೆಲಸ ಅಲ್ಲಿಗೆ ನಿಲ್ಲಲಿ, ಒಳಗಿನ ಸಾಗಾಟ ಟಿಲ್ಲರಿಗೋ ಕೈಗಾಡಿಗೋ ಇರಲಿ.

ವರ್ಷದಲ್ಲಿ ಕೆಲವೇ ದಿನದ ಕೆಲಸವಾದರೆ ಕೊಳ್ಳಲೇ ಬೇಡ. ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರಗಳು ಇರುವುದೇ ಇದಕ್ಕಾಗಿ. ಕೊಳ್ಳುವುದೇ ಸರಿ ಎಂದು ಕಂಡರೆ, ಮೊದಲು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಸಹಾಯಧನದ ವಿಚಾರ ಕೇಳು, ಆಮೇಲೆ ಮುಂಗಡ ಕೊಡು. 2025ರ ಸೆಪ್ಟೆಂಬರ್ 22ರಿಂದ ಟ್ರಾಕ್ಟರಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನು ನೋಡಿಕೋ. 50 ಎಚ್‌ಪಿಗಿಂತ ದೊಡ್ಡ ಟ್ರಾಕ್ಟರುಗಳಿಗೆ 2023ರಿಂದ ಟ್ರೆಮ್-4 ಹೊಗೆ ನಿಯಮ ಬಂದಿದೆ. ನಮ್ಮ ತೋಟಗಳಿಗೆ ಅಷ್ಟು ದೊಡ್ಡದು ಬೇಕಾಗುವುದೂ ಇಲ್ಲ.

ಲೋಡರಿಗೆ ಫೋರ್‌ವೀಲ್ ಡ್ರೈವ್, ಪವರ್ ಸ್ಟೇರಿಂಗ್, ಎಣ್ಣೆಯಲ್ಲಿ ಮುಳುಗಿದ ಬ್ರೇಕ್ ಈ ಮೂರೂ ಇರಲಿ. ಲೋಡರಿನ ಫ್ರೇಮ್ ಎಲ್ಲಿಗೆ ಬಿಗಿದಿದೆ ಎಂದು ಬಗ್ಗಿ ನೋಡು. ಅದು ಹಿಂದಿನ ಆಕ್ಸಲ್ ತನಕ ಹೋಗಿರಬೇಕು. ಎಂಜಿನ್ ಪಕ್ಕದಲ್ಲೇ ನಿಂತಿದ್ದರೆ ಬಕೆಟಿನ ಒತ್ತಡವೆಲ್ಲ ಕ್ಲಚ್ ಹೌಸಿಂಗ್ ಮೇಲೆ ಬಿದ್ದು ಒಂದು ದಿನ ಅದು ಬಿರುಕು ಬಿಡುತ್ತದೆ.

ಇನ್ನು ಭಾರದ ಲೆಕ್ಕ. ಇದನ್ನು ನಿಧಾನವಾಗಿ ಓದು. ಎರಡು ಆಕ್ಸಲ್‌ಗಳ ನಡುವೆ 2 ಮೀಟರ್ ಅಂತರ ಇದೆ ಎಂದುಕೊ. ಬಕೆಟಿನಲ್ಲಿ 400 ಕಿಲೋ ಮಣ್ಣು, ಅದು ಮುಂದಿನ ಆಕ್ಸಲಿನಿಂದ ಒಂದೂವರೆ ಮೀಟರ್ ಮುಂದೆ ಇದೆ. ಆಗ ಮುಂದಿನ ಚಕ್ರಗಳಿಗೆ ಬೀಳುವ ಹೆಚ್ಚುವರಿ ಭಾರ 400 ಅಲ್ಲ, 700 ಕಿಲೋ. ಹಿಂದಿನ ಚಕ್ರಗಳಿಂದ 300 ಕಿಲೋ ಕಡಿಮೆಯಾಗಿರುತ್ತದೆ. ಹೆಚ್ಚಿನ ಟ್ರಾಕ್ಟರುಗಳಲ್ಲಿ ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೆ ಮಾತ್ರ. ಹಗುರಾದ ಚಕ್ರಕ್ಕೆ ಬ್ರೇಕ್ ಹಿಡಿದರೆ ಅದು ಜಾರುತ್ತದೆಯೇ ಹೊರತು ಗಾಡಿ ನಿಲ್ಲುವುದಿಲ್ಲ. ಹಾಗಾಗಿ ಲೋಡರ್ ಕೆಲಸಕ್ಕೆ ಇಳಿಯುವಾಗ ಹಿಂದೆ ಭಾರ ಇರಲೇಬೇಕು. 200 ಲೀಟರಿನ ಡ್ರಮ್ಮಿಗೆ ಕಬ್ಬಿಣ ಕಟ್ಟಿ ಕಾಂಕ್ರೀಟ್ ತುಂಬಿದರೆ ಸುಮಾರು 480 ಕಿಲೋ ಆಗುತ್ತದೆ. ಅದನ್ನು ಹಿಂದಿನ ತ್ರೀ ಪಾಯಿಂಟ್ ಲಿಂಕೇಜಿಗೆ ಸಿಕ್ಕಿಸುವ ಹಾಗೆ ಮಾಡಿಸು. ಎಷ್ಟು ಭಾರ ಬೇಕು, ಮುಂದಿನ ಟಯರಿಗೆ ಎಷ್ಟು ಗಾಳಿ ಬೇಕು ಎಂಬುದು ಕಂಪನಿಯ ಪುಸ್ತಕದಲ್ಲಿರುತ್ತದೆ. ಅದನ್ನು ಮೀರಬೇಡ.

ತುಂಬಿದ ಬಕೆಟ್ ಸಾಗುವಾಗ ನೆಲದಿಂದ ಒಂದಡಿ ಎತ್ತರದಲ್ಲಿರಲಿ. ಎತ್ತುವುದು ಟ್ರೈಲರಿಗೆ ಸುರಿಯುವ ಕ್ಷಣಕ್ಕೆ ಮಾತ್ರ. ಎತ್ತುವ ಮುಂಚೆ ತಲೆಯ ಮೇಲೆ ಕರೆಂಟಿನ ತಂತಿ ಇದೆಯೇ ನೋಡು, ನಮ್ಮ ತೋಟಗಳಲ್ಲಿ ಅದು ಜೋತು ಬಿದ್ದಿರುವುದೇ ಹೆಚ್ಚು. ಗುಡ್ಡೆಗೆ ಅಡ್ಡಡ್ಡ ಹೋಗಬೇಡ, ನೇರ ಹತ್ತು, ನೇರ ಇಳಿ. ಬಕೆಟ್ ತುಂಬಿದ್ದರೆ ಹತ್ತುವುದು ಮುಂದಾಗಿ, ಇಳಿಯುವುದು ರಿವರ್ಸಿನಲ್ಲಿ. ಹಾಗೆ ಮಾಡಿದರೆ ಭಾರ ಹಿಂದಿನ ಚಕ್ರದ ಮೇಲೆ ಕೂರುತ್ತದೆ, ಬ್ರೇಕ್ ಹಿಡಿಯುತ್ತದೆ. ಇಳಿಯುವ ಮೊದಲೇ ಫೋರ್‌ವೀಲ್ ಹಾಕು, ಆಗ ಬ್ರೇಕಿನ ಹಿಡಿತ ಮುಂದಿನ ಚಕ್ರಕ್ಕೂ ಸಿಗುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಸುವವರನ್ನು ನೋಡಿ ಕಲಿಯಬೇಡ. ಬಸಿಗಾಲುವೆಯ, ಧರೆಯ ಅಂಚಿನಿಂದ ಅದು ಎಷ್ಟು ಆಳ ಇದೆಯೋ ಕನಿಷ್ಠ ಅಷ್ಟು ದೂರ ಇರು, ಮಳೆ ಬಿದ್ದ ಮೇಲೆ ಇನ್ನೂ ದೂರ. ಗಾಡಿ ವಾಲಿದಂತೆ ಅನಿಸಿದ ತಕ್ಷಣ ಮಾಡಬೇಕಾದ್ದು ಒಂದೇ: ಬಕೆಟನ್ನು ನೆಲಕ್ಕೆ ಇಳಿಸು. ಮೇಲೆ ರೋಲ್‌ಬಾರ್ ಇದ್ದರೆ ಅದನ್ನು ಮಡಚಿಡಬೇಡ, ಬೆಲ್ಟ್ ಕಟ್ಟಿಕೋ. ರೋಲ್‌ಬಾರ್ ಇಲ್ಲದ ಟ್ರಾಕ್ಟರಿನಲ್ಲಿ ಬೆಲ್ಟ್ ಕಟ್ಟುವುದು ಅಪಾಯ.

ಇನ್ನೊಂದು ಮಾತು ಮನಸ್ಸಿನಲ್ಲಿಡು. ಇದು ಜೆಸಿಬಿ ಅಲ್ಲ. ನಮ್ಮ ಗುಡ್ಡೆಯ ಮುರಕಲ್ಲು ಬಿಸಿಲಿಗೆ ಒಣಗಿದರೆ ಪಿಕ್ಕಾಸಿಗೂ ಬಗ್ಗುವುದಿಲ್ಲ. ಅದಕ್ಕೆ ಟ್ರಾಕ್ಟರಿನ ಬಕೆಟ್ ಗುದ್ದಿಸಿದರೆ ತೋಳು ಬಾಗುತ್ತದೆ, ಪಿನ್ ಸವೆಯುತ್ತದೆ, ಆಕ್ಸಲ್ ಕೆಡುತ್ತದೆ. ಕಡಿಯುವ ಕೆಲಸಕ್ಕೆ ಗಂಟೆ ಲೆಕ್ಕದಲ್ಲಿ ಜೆಸಿಬಿ ಕರೆಸು. ಸಡಿಲ ಮಣ್ಣು, ಗೊಬ್ಬರ ತುಂಬುವುದಷ್ಟೇ ನಿನ್ನ ಲೋಡರಿನ ಕೆಲಸ. ಹಿಂದೆ ಮುಂದೆ ಹೋಗುತ್ತಲೇ ಇರುವ ಕೆಲಸವಾದ್ದರಿಂದ ಕ್ಲಚ್ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಚಾಳಿ ಬೆಳೆಯುತ್ತದೆ. ಅದನ್ನು ಮೊದಲ ವಾರದಲ್ಲೇ ಬಿಡು.

ಈಗ ಆರೈಕೆ. ಲೋಡರಿನಲ್ಲಿ ಮೊದಲು ಸವೆಯುವುದು ತೋಳಿನ, ಬಕೆಟಿನ ಪಿನ್‌ಗಳು. ಸುಮಾರು ಹತ್ತು ಗಂಟೆ ಕೆಲಸಕ್ಕೊಮ್ಮೆ, ಕೆಸರಿನಲ್ಲಿ ದುಡಿದ ದಿನವಾದರೆ ಅವತ್ತು ಸಂಜೆಯೇ ಗ್ರೀಸ್ ಹೊಡಿ. ಮೊದಲು ನಿಪ್ಪಲನ್ನು ಬಟ್ಟೆಯಿಂದ ಒರೆಸು, ಇಲ್ಲದಿದ್ದರೆ ಅಲ್ಲಿಯ ಮಣ್ಣನ್ನು ನೀನೇ ಒಳಗೆ ತಳ್ಳಿದ ಹಾಗಾಗುತ್ತದೆ. ಗನ್ ಸಿಕ್ಕಿಸಿ ಒತ್ತುತ್ತಾ ಹೋಗು. ಪಿನ್ನಿನ ಅಂಚಿನಿಂದ ಮೊದಲು ಕಪ್ಪು ಗ್ರೀಸು ಕೆಂಪು ಮಣ್ಣಿನೊಂದಿಗೆ ಹೊರಬರುತ್ತದೆ, ಮಳೆಗಾಲದಲ್ಲಿ ಜೊತೆಗೆ ನೀರಿನ ಹನಿಯೂ ಬರುತ್ತದೆ. ಹೊಸ ಗ್ರೀಸಿನ ಬಣ್ಣ ಕಾಣುವ ತನಕ ಒತ್ತು, ಆಮೇಲೆ ಹೊರಗಿನದ್ದನ್ನು ಒರೆಸಿ ತೆಗೆ. ಮುಂದಿನ ಆಕ್ಸಲ್ ನಡುವಿನ ಪಿವಟ್ ಪಿನ್ ಹೆಚ್ಚಿನವರಿಗೆ ಮರೆತೇ ಹೋಗುತ್ತದೆ, ಲೋಡರಿನ ಭಾರವೆಲ್ಲ ಹೊರುವುದು ಅದೇ. ಗಾಲಿಯ ನಟ್ಟುಗಳನ್ನೂ ಲೋಡರ್ ಫ್ರೇಮಿನ ಬೋಲ್ಟುಗಳನ್ನೂ ಹೊಸದರಲ್ಲಿ ಪದೇ ಪದೇ, ಮತ್ತೆ ಆಗಾಗ ಬಿಗಿ ನೋಡು.

ಹೈಡ್ರಾಲಿಕ್ ಹೋಸಿನಲ್ಲಿ ಸೋರಿಕೆ ಇದೆ ಎನಿಸಿದರೆ ಕೈಯಲ್ಲಿ ತಡವಬೇಡ. ಕಣ್ಣಿಗೆ ಕಾಣದಷ್ಟು ಸಣ್ಣ ತೂತಿನಿಂದ ಹಾರುವ ಎಣ್ಣೆಯೂ ಚರ್ಮ ತೂರಿ ಒಳಗೆ ಹೋಗುತ್ತದೆ. ರಟ್ಟಿನ ತುಂಡು ಹಿಡಿದು ನೋಡು. ಎಣ್ಣೆ ಚರ್ಮದೊಳಗೆ ಹೋದರೆ ಗಾಯ ಎಷ್ಟೇ ಚಿಕ್ಕದಿರಲಿ, ನೋವಿಲ್ಲದಿರಲಿ, ಆ ಹೊತ್ತಿಗೇ ಆಸ್ಪತ್ರೆಗೆ ಹೋಗು. ತಡಮಾಡಿದರೆ ಬೆರಳೋ ಕೈಯೋ ಹೋಗುವ ಅಪಾಯವಿದೆ. ಎತ್ತಿದ ಬಕೆಟಿನ ಅಡಿಗೆ ಯಾವ ಕಾರಣಕ್ಕೂ ತಲೆ ಹಾಕಬೇಡ.

ಮಳೆಗಾಲಕ್ಕೆ ನಮ್ಮ ಹಿರಿಯರು ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ತಯಾರಾಗುತ್ತಿದ್ದರು. ನೀನೂ ಟ್ರಾಕ್ಟರಿನ ವರ್ಷವನ್ನು ಅಲ್ಲಿಂದಲೇ ಎಣಿಸು. ಮೇ ಕೊನೆಯೊಳಗೆ ಎಣ್ಣೆ, ಬ್ಯಾಟರಿ, ಬ್ರೇಕ್ ಎಲ್ಲ ನೋಡಿ ಮುಗಿಸು. ಬ್ಯಾಟರಿಯ ಟರ್ಮಿನಲ್‌ಗೆ ವ್ಯಾಸಲೀನ್ ಹಚ್ಚು. ಗದ್ದೆ ಉಳಲು ಇಳಿಯುವ ಮೊದಲು ಲೋಡರ್ ಕಳಚಿಡು, ಇಲ್ಲದಿದ್ದರೆ ಮುಂದಿನ ಭಾರಕ್ಕೆ ಗಾಡಿ ಹೂತುಹೋಗುತ್ತದೆ. ಕಳಚಿದ ಲೋಡರಿನ ಸಿಲಿಂಡರುಗಳ ರಾಡ್ ಒಳಗೆ ಸೇರಿರಲಿ, ಹೊರಗುಳಿದ ಭಾಗಕ್ಕೆ ಗ್ರೀಸ್ ಸವರು. ಆಟಿ ತಿಂಗಳ ಮಳೆಗೆ ಆ ಹೊಳೆಯುವ ರಾಡ್ ತುಕ್ಕು ಹಿಡಿದರೆ ಸೀಲ್ ಹರಿಯಿತೆಂದೇ ಅರ್ಥ. ತೋಡಿನಲ್ಲಿ ಹಾಯ್ದ ಮೇಲೆ ಆಕ್ಸಲ್ ಎಣ್ಣೆಯನ್ನು ನೋಡು, ಮಜ್ಜಿಗೆಯ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ, ಅವತ್ತೇ ಬದಲಿಸು. ಕೆಲಸ ಮುಗಿದ ಸಂಜೆಯೇ ಡೀಸೆಲ್ ಟ್ಯಾಂಕ್ ತುಂಬಿಸಿಡು, ಖಾಲಿ ಟ್ಯಾಂಕಿನೊಳಗೆ ರಾತ್ರಿಯ ತಂಪಿಗೆ ನೀರು ಕಟ್ಟುತ್ತದೆ. ಓಡಿಸದಿದ್ದರೂ ಹತ್ತು ಹದಿನೈದು ದಿನಕ್ಕೊಮ್ಮೆ ಎಂಜಿನ್ ಚೆನ್ನಾಗಿ ಬಿಸಿಯಾಗುವ ತನಕ ನಡೆಸು. ಅಡಿಕೆ ಸಿಪ್ಪೆ ರಾಶಿ ಹಾಕಿದ ಕೊಟ್ಟಿಗೆಯಲ್ಲಿ ನಿಲ್ಲಿಸಬೇಡ, ಅಲ್ಲಿಯ ಇಲಿಗಳು ವೈರಿಂಗ್ ಕಡಿಯುತ್ತವೆ.

ಆಯುಧಪೂಜೆಗೆ ತೊಳೆಯುವಾಗ ಜೋರು ನೀರನ್ನು ಬೇರಿಂಗಿಗೂ ಆಲ್ಟರ್ನೇಟರಿಗೂ ಹಿಡಿಯಬೇಡ, ತೊಳೆದ ಮೇಲೆ ಮತ್ತೆ ಗ್ರೀಸ್ ಹೊಡಿ. ದೀಪಾವಳಿ ಕಳೆದು ಕೆಂಪು ಧೂಳು ಏಳತೊಡಗಿದಾಗ ಏರ್ ಫಿಲ್ಟರ್ ಮುಖ್ಯ. ಕಾಗದದ ಫಿಲ್ಟರಾದರೆ ನೀರು ತಾಗಿಸದೆ, ಕಡಿಮೆ ಗಾಳಿಯಿಂದ ಒಳಗಿನಿಂದ ಹೊರಗೆ ಊದು. ರೇಡಿಯೇಟರಿನ ಜಾಲರಿಯಲ್ಲಿ ಸಿಕ್ಕಿದ ನಾರು, ಹುಲ್ಲು ತೆಗೆ. ಮೊದಲ ಸರ್ವಿಸ್ ಸಾಮಾನ್ಯವಾಗಿ 50 ಗಂಟೆಗೆ, ಮುಂದಿನವು ಪುಸ್ತಕ ಹೇಳಿದಷ್ಟಕ್ಕೆ. ಗಂಟೆ ಮೀಟರಿನ ಅಂಕಿ, ಎಣ್ಣೆ ಬದಲಿಸಿದ ದಿನ, ಹಾಕಿದ ಸಾಮಾನು ಇವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಮುಂದೆ ಮಾರುವಾಗ ಆ ಪುಸ್ತಕಕ್ಕೂ ಬೆಲೆ ಬರುತ್ತದೆ.

ಬಜಗೋಳಿ ಪೇಟೆಯ ನಡುವೆಯೇ ರಾಷ್ಟ್ರೀಯ ಹೆದ್ದಾರಿ 169 ಹೋಗುತ್ತದೆ. ರಸ್ತೆಗೆ ಬರುವ ಮೊದಲು ಎರಡು ಬ್ರೇಕ್ ಪೆಡಲುಗಳನ್ನು ಜೋಡಿಸಿ ಕೊಂಡಿ ಹಾಕು, ಹಿಂದೆ ಕೆಂಪು ರಿಫ್ಲೆಕ್ಟರ್ ಇರಲಿ, ಕತ್ತಲಾದ ಮೇಲೆ ಲೋಡರ್ ಹೊತ್ತು ಘಟ್ಟದ ದಾರಿಗೆ ಹೋಗಬೇಡ. ಕಾನೂನಿನ ಪ್ರಕಾರ 7500 ಕಿಲೋ ಮೀರದ ಟ್ರಾಕ್ಟರ್ ಲಘು ವಾಹನ, ಆ ಲೈಸೆನ್ಸ್ ಇಲ್ಲದವರ ಕೈಗೆ ಕೀಲಿ ಕೊಡಬೇಡ. ಲೋಡರ್ ಜೋಡಿಸಿದ ವಿಷಯ ವಿಮೆಯವರಿಗೆ ತಿಳಿಸಿ ಬರಹದಲ್ಲಿ ಪಡೆದುಕೋ.

ಕೊನೆಯದಾಗಿ, ಮನೆಯವರ ವಿಚಾರ. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಬೇಡ, ಬಕೆಟಿನಲ್ಲಿ ನಿಲ್ಲಿಸಿ ಯಾರನ್ನೂ ಅಡಿಕೆ ಕೊಯ್ಯಲು ಎತ್ತಬೇಡ. ತಿರುಗುವ ಪಿಟಿಓ ಶಾಫ್ಟಿನ ಹತ್ತಿರ ಲುಂಗಿ, ಹೆಗಲ ಬೈರಾಸು ಬೇಡ. ಹೆಂಡತಿಗೂ ಅಮ್ಮನಿಗೂ ಎಂಜಿನ್ ನಿಲ್ಲಿಸುವುದು ಹೇಗೆಂದು ತೋರಿಸಿಕೊಡು. ಆಪತ್ತು ಬಂದಾಗ ಅಂಗಳದಲ್ಲಿರುವವರು ಅವರೇ. ಸಾಲದ ಕಂತು ಬ್ಯಾಂಕಿಗೆ ಕಟ್ಟಿದರೆ ಮುಗಿಯಿತು, ಆದರೆ ಈ ಯಂತ್ರಕ್ಕೆ ನಿತ್ಯ ಬೆಳಿಗ್ಗೆ ಹತ್ತು ನಿಮಿಷದ ಕಂತು ಕಟ್ಟಲೇಬೇಕು: ಎಣ್ಣೆ, ನೀರು, ಟಯರು, ನಟ್ಟು, ನೆಲದ ಮೇಲೆ ಬಿದ್ದ ಹನಿ. ಅಷ್ಟು ನೋಡಿಯೇ ಕೀಲಿ ತಿರುಗಿಸು. ಅದನ್ನು ತಪ್ಪದೆ ಮಾಡುವೆಯಾದರೆ ಧೈರ್ಯವಾಗಿ ಟ್ರಾಕ್ಟರ್ ತಾ ತಮ್ಮಾ, ನಿನ್ನ ತೋಟಕ್ಕೆ ಅದು ಬಹಳ ವರ್ಷ ದುಡಿಯುತ್ತದೆ.